ಆ ಕಾಲವೇ ಹಾಗಿತ್ತಾ? ನಾನೂರ ಐವತ್ತೆರಡು ಜನರ ಪಟ್ಟಿ ಬರೆದ ತೋಟದ ಮಾಲೀಕ

ಓದುಗರ ಪ್ರಶ್ನೆ: ಅಮೆರಿಕದ ಅಧ್ಯಕ್ಷರಾಗಿದ್ದ ಜಾರ್ಜ್ ವಾಷಿಂಗ್ಟನ್, ಥಾಮಸ್ ಜೆಫರ್ಸನ್ ಅಂಥವರೂ ತಮ್ಮ ತೋಟಗಳಲ್ಲಿ ಗುಲಾಮರನ್ನು ಇಟ್ಟುಕೊಂಡಿದ್ದರು ಅಂತ ಓದಿದ್ದೇವೆ. ಅದರ ಬಗ್ಗೆ ಕೇಳಿದರೆ, "ಆ ಕಾಲವೇ ಹಾಗಿತ್ತು, ಮನಸ್ಸಿದ್ದರೂ ಬಿಡುಗಡೆ ಮಾಡೋಕೆ ಆಗ್ತಿರಲಿಲ್ಲ" ಅನ್ನುತ್ತಾರೆ. ಇದು ನಿಜಾನಾ?

ಉತ್ತರ: ನಿಜ ಅಲ್ಲ. ಅಮೆರಿಕದ ಇತಿಹಾಸದ ಮಾತು ಬಂದಾಗಲೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ. ಹಾಗಾಗಿ ಎರಡು ಸಾಲಿನಲ್ಲಿ ಹೇಳಿ ಮುಗಿಸದೆ, ಒಬ್ಬ ಮನುಷ್ಯನ ಕತೆಯನ್ನೇ ಹೇಳುತ್ತೇನೆ. ಅವನ ಹೆಸರು ರಾಬರ್ಟ್ ಕಾರ್ಟರ್. ವಾಷಿಂಗ್ಟನ್ ಹುಟ್ಟಿದ್ದು ವರ್ಜೀನಿಯಾದ ವೆಸ್ಟ್‌ಮೋರ್‌ಲ್ಯಾಂಡ್ ಕೌಂಟಿಯಲ್ಲಿ. ಕಾರ್ಟರ್ ಬದುಕಿದ್ದೂ ಅಲ್ಲೇ. ಅದೇ ಕಾಲ, ಅದೇ ಕಾನೂನು, ಅದೇ ಶ್ರೀಮಂತ ಬಳಗ. 1791ರಲ್ಲಿ ಅವನು 452 ಗುಲಾಮರ ಹೆಸರು ಬರೆದು, ಇವರೆಲ್ಲರನ್ನೂ ಬಿಡುಗಡೆ ಮಾಡುತ್ತೇನೆ ಅಂತ ಕೋರ್ಟಿಗೆ ಪತ್ರ ಕೊಟ್ಟ. ಅಮೆರಿಕದ ಅಂತರ್ಯುದ್ಧಕ್ಕೆ ಮೊದಲು ಒಬ್ಬನೇ ವ್ಯಕ್ತಿ ಮಾಡಿದ ಅತಿ ದೊಡ್ಡ ಬಿಡುಗಡೆ ಅಂತ ಇತಿಹಾಸಕಾರರು ಇದನ್ನೇ ಗುರುತಿಸುತ್ತಾರೆ.

ಮೊದಲು ಒಂದು ಮಾತು. ಗುಲಾಮ ಅಂದ ತಕ್ಷಣ ನಮಗೆ ಜೀತದಾಳು ನೆನಪಾಗಬಹುದು. ಎರಡೂ ಘೋರವೇ. ಆದರೆ ಜೀತದ ಬೇರು ಬಹುತೇಕ ಸಾಲದಲ್ಲಿತ್ತು. ವರ್ಜೀನಿಯಾದಲ್ಲಿ ಹಾಗಲ್ಲ. ಅಲ್ಲಿ ಮನುಷ್ಯರೇ ಆಸ್ತಿ. ಎತ್ತು, ಗಾಡಿ, ಮನೆಯ ಹಾಗೆ ಅವರ ಹೆಸರೂ ಉಯಿಲಿನಲ್ಲಿ ಬರುತ್ತಿತ್ತು. ತಾಯಿ ಗುಲಾಮಳಾದರೆ ಮಗುವೂ ಗುಲಾಮ. ತೀರಿಸಿ ಹೊರಬರೋಣ ಅಂದರೆ ಅಲ್ಲಿ ಸಾಲವೇ ಇರಲಿಲ್ಲ.

ಈಗ ಮನೆತನದ ವಿಷಯಕ್ಕೆ ಬರೋಣ. ರಾಬರ್ಟ್‌ನ ತಾತನ ಹೆಸರೂ ರಾಬರ್ಟ್ ಕಾರ್ಟರ್. ಜನ ಅವನನ್ನು 'ಕಿಂಗ್' ಕಾರ್ಟರ್ ಅಂತಲೇ ಕರೆಯುತ್ತಿದ್ದರು. ಅಷ್ಟು ಶ್ರೀಮಂತ, ಅಷ್ಟು ದರ್ಪ. 1732ರಲ್ಲಿ ಅವನು ಸತ್ತಾಗ ಬಿಟ್ಟುಹೋದದ್ದು ಸುಮಾರು 3,00,000 ಎಕರೆ ನೆಲ, ಸುಮಾರು 1,000 ಗುಲಾಮರು. ಇಷ್ಟೆಲ್ಲ ಕೈಗೆ ಬಂದದ್ದು ಹೊಗೆಸೊಪ್ಪಿನಿಂದ, ಜಮೀನಿನ ವ್ಯವಹಾರದಿಂದ, ಮನುಷ್ಯರ ವ್ಯಾಪಾರದಿಂದ. 1708ರಲ್ಲಿ ಈತ ಕೋರ್ಟಿಗೆ ಹೋಗಿ, ಹೇಳಿದ ಮಾತು ಕೇಳದ ಬಂಬಾರಾ ಹ್ಯಾರಿ ಮತ್ತು ಡೈನಾ ಅನ್ನುವ ಇಬ್ಬರು ಗುಲಾಮರ ಕಾಲ್ಬೆರಳು ಕತ್ತರಿಸಲು ಅನುಮತಿ ಪಡೆದ. ಅದು ಕೋರ್ಟಿನ ದಾಖಲೆಯಲ್ಲೇ ಇದೆ. ಆ ಇಬ್ಬರ ಹೆಸರನ್ನು ನಾನು ಬೇಕೆಂದೇ ಬರೆದಿದ್ದೇನೆ. ಕಿಂಗ್ ಕಾರ್ಟರ್‌ನ ಹೆಸರು ಎಲ್ಲ ಪುಸ್ತಕದಲ್ಲೂ ಸಿಗುತ್ತದೆ, ಅವರದ್ದು ಸಿಗುವುದಿಲ್ಲ.

ಮೊಮ್ಮಗ ರಾಬರ್ಟ್ ಹುಟ್ಟಿದ್ದು 1728ರಲ್ಲಿ. ಅವನಿಗೆ ನಾಲ್ಕು ವರ್ಷವಾಗಿದ್ದಾಗ ಅಪ್ಪ ತೀರಿಕೊಂಡ. ಅದೇ ವರ್ಷ ತಾತನೂ ಹೋದ. ತಾಯಿ ಮರುಮದುವೆಯಾದಳು. 21 ತುಂಬಿದಾಗ, ಅಂದರೆ 1749ರಲ್ಲಿ, ಹುಡುಗನ ಕೈಗೆ 60,000 ಎಕರೆಗೂ ಜಾಸ್ತಿ ಜಮೀನು ಬಂತು. ಅದರ ಜೊತೆ ಗುಲಾಮರೂ ಬಂದರು. ಅವನು ಮಾಡಿದ ಮೊದಲ ಕೆಲಸ ಹಡಗು ಹತ್ತಿ ಲಂಡನ್ನಿಗೆ ಹೋದದ್ದು. ಹೆಸರಿಗೆ ಕಾನೂನು ಓದು. ಎರಡು ವರ್ಷ ಕಳೆದು ವಕೀಲನಾಗದೆಯೇ ವಾಪಸ್ ಬಂದ. ಊರಲ್ಲಿ ಚುನಾವಣೆಗೆ ನಿಂತ, ಸೋತ. ಮತ್ತೆ ನಿಂತ, ಮತ್ತೆ ಸೋತ. ಈ ಸೋಲುಗಳು ಮುಖ್ಯ ಅಂತ ನನಗನ್ನಿಸುತ್ತದೆ. ಊರಿನ ಮೆಚ್ಚುಗೆ ಅನ್ನುವುದು ಅವನಿಗೆ ಶುರುವಿನಿಂದಲೇ ಸಿಕ್ಕಿರಲಿಲ್ಲ.

1754ರಲ್ಲಿ ಮದುವೆ. ಹುಡುಗಿ ಪಕ್ಕದ ಮೇರಿಲ್ಯಾಂಡಿನವಳು, ಫ್ರಾನ್ಸಿಸ್ ಆನ್ ಟಾಸ್ಕರ್. ಆಗ ಅವಳಿಗೆ ಹದಿನಾರರ ಆಸುಪಾಸು. ಅವಳ ಅಪ್ಪ ಮೇರಿಲ್ಯಾಂಡಿನ ದೊಡ್ಡ ಅಧಿಕಾರಿ, ಬಾಲ್ಟಿಮೋರಿನ ಕಬ್ಬಿಣದ ಕಾರ್ಖಾನೆಯಲ್ಲಿ ಪಾಲುದಾರ. ಆ ಕಾರ್ಖಾನೆಯ ಐದನೇ ಒಂದು ಪಾಲು ಮುಂದೆ ಕಾರ್ಟರ್‌ನ ಕೈಗೆ ಬಂತು. ಜನರ ಓಟಿನಿಂದ ಸಿಗದ ಸ್ಥಾನ ಹೆಂಡತಿಯ ಕಡೆಯವರ ಪ್ರಭಾವದಿಂದ ಸಿಕ್ಕಿತು. 1758ರಲ್ಲಿ ಅವನು ವರ್ಜೀನಿಯಾ ಗವರ್ನರನ ಕೌನ್ಸಿಲ್ ಸದಸ್ಯನಾದ. ಕೌನ್ಸಿಲ್‌ನಲ್ಲಿ ಇದ್ದದ್ದು ಹನ್ನೆರಡೇ ಜನ. ವರ್ಜೀನಿಯಾ ಆಗ ಬ್ರಿಟಿಷರ ವಸಾಹತು. ಇಡೀ ವಸಾಹತಿನಲ್ಲಿ ಅದಕ್ಕಿಂತ ಮೇಲಿದ್ದವನು ಗವರ್ನರ್ ಒಬ್ಬನೇ. ಗಂಡ ಹೆಂಡತಿ ರಾಜಧಾನಿ ವಿಲಿಯಮ್ಸ್‌ಬರ್ಗ್‌ಗೆ ಹೋಗಿ, ಗವರ್ನರನ ಅರಮನೆಯ ಪಕ್ಕದಲ್ಲೇ ಹತ್ತು ವರ್ಷಕ್ಕೂ ಹೆಚ್ಚು ಕಾಲ ಇದ್ದರು. ಕಾರ್ಟರ್‌ಗೆ ಸಂಗೀತದ ಹುಚ್ಚು. ಪಿಟೀಲು, ಕೊಳಲು, ಹಾರ್ಪ್ಸಿಕಾರ್ಡ್ ಎಲ್ಲ ಮನೆಯಲ್ಲಿದ್ದವು. ಬೆಂಜಮಿನ್ ಫ್ರಾಂಕ್ಲಿನ್ ರೂಪಿಸಿದ ಗಾಜಿನ ಬಟ್ಟಲುಗಳ ವಾದ್ಯವನ್ನೂ ತರಿಸಿಕೊಂಡು ನುಡಿಸುತ್ತಿದ್ದ.

1772ರಲ್ಲಿ ಸಂಸಾರ ಹಳ್ಳಿಗೆ, ನೊಮಿನಿ ಹಾಲ್ ಅನ್ನುವ ತಮ್ಮ ದೊಡ್ಡ ಮನೆಗೆ ಮರಳಿತು. ಆ ಮನೆಯ ಒಳಗು ಹೇಗಿತ್ತು ಅಂತ ನಮಗೆ ಚೆನ್ನಾಗಿ ಗೊತ್ತು. ಅದಕ್ಕೆ ಕಾರಣ ಒಬ್ಬ ಮೇಷ್ಟ್ರು. ಹೆಸರು ಫಿಲಿಪ್ ವಿಕರ್ಸ್ ಫಿಥಿಯನ್. ನ್ಯೂಜೆರ್ಸಿಯ ಯುವಕ, ಪ್ರಿನ್ಸ್‌ಟನ್‌ನಲ್ಲಿ ಓದಿದವನು. ಮಕ್ಕಳಿಗೆ ಪಾಠ ಹೇಳಲು 1773ರ ಅಕ್ಟೋಬರಿನಲ್ಲಿ ಬಂದು ಒಂದು ವರ್ಷ ಇದ್ದ. ಕಂಡದ್ದನ್ನೆಲ್ಲ ದಿನಚರಿಯಲ್ಲಿ ಬರೆದಿಟ್ಟ. ಬೆನ್ ಓದಿನಲ್ಲಿ ಹೇಗೆ, ಬಾಬ್ ಎಷ್ಟು ತುಂಟ, ಹೆಣ್ಣುಮಕ್ಕಳು ಏನು ಕಲಿಯುತ್ತಿದ್ದರು, ಊಟಕ್ಕೆ ಏನಿತ್ತು, ಯಾರು ಕುಣಿದರು, ಎಲ್ಲವೂ ಅದರಲ್ಲಿದೆ. ಅವನಿಲ್ಲದಿದ್ದರೆ ಈ ಕುಟುಂಬ ಬರೀ ಲೆಕ್ಕದ ಪುಸ್ತಕಗಳಲ್ಲಿ ಉಳಿಯುತ್ತಿತ್ತು.

ಒಂದು ದಿನ ಮನೆಯೊಡತಿ ಫ್ರಾನ್ಸಿಸ್ ಅವನಿಗೆ ಮನೆಯ ಖರ್ಚಿನ ಲೆಕ್ಕ ಹೇಳುತ್ತಾಳೆ. ವರ್ಷಕ್ಕೆ 27,000 ಪೌಂಡ್ ಹಂದಿ ಮಾಂಸ. ಅಂದರೆ ಹನ್ನೆರಡು ಟನ್ನಿಗೂ ಜಾಸ್ತಿ. 20 ದನ. 550 ಬುಶೆಲ್, ಅಂದರೆ ಸುಮಾರು ಹದಿನೈದು ಟನ್ ಗೋಧಿ. ನಾಲ್ಕು ದೊಡ್ಡ ಪೀಪಾಯಿ ರಮ್, 150 ಗ್ಯಾಲನ್ ಬ್ರಾಂಡಿ. ಅದೇ ದಿನಚರಿಯಲ್ಲಿ ಇನ್ನೊಂದು ಲೆಕ್ಕವೂ ಇದೆ. ಹೊಲದಲ್ಲಿ ದುಡಿಯುವ ಗುಲಾಮನಿಗೆ ವಾರಕ್ಕೆ ಒಂದು ಪೆಕ್, ಅಂದರೆ ಸುಮಾರು ಒಂಬತ್ತು ಲೀಟರ್ ಅಳತೆಯ ಮುಸುಕಿನ ಜೋಳ, ಒಂದು ಪೌಂಡ್ ಮಾಂಸ. ಒಂದು ಪೌಂಡ್ ಅಂದರೆ ಅರ್ಧ ಕೆಜಿಯೂ ಇಲ್ಲ. ಇಡೀ ವಾರಕ್ಕೆ ಅಷ್ಟೇ. ಆ ಕಡೆಯ ಮಾಲೀಕರಲ್ಲೆಲ್ಲ ಕಾರ್ಟರ್ ತುಂಬ ದಯೆಯುಳ್ಳವನು ಅಂತ ಎಲ್ಲರೂ ಹೇಳುತ್ತಾರೆ ಅಂತಲೂ ಫಿಥಿಯನ್ ಅಲ್ಲೇ ಬರೆಯುತ್ತಾನೆ. ದಯೆಯುಳ್ಳವನ ತೋಟದಲ್ಲೇ ಪಡಿ ಇಷ್ಟು. ಬೇರೆಯವರ ತೋಟದಲ್ಲಿ ಹೇಗಿದ್ದಿರಬೇಕು? ಆ ಪುಟ ಓದಿದಾಗಲೆಲ್ಲ ನನಗೆ ಮುಂದೆ ಹೋಗೋಕೆ ಸ್ವಲ್ಪ ಹೊತ್ತು ಬೇಕಾಗುತ್ತದೆ.

ಫ್ರಾನ್ಸಿಸ್ ಇನ್ನೊಂದು ಮಾತನ್ನೂ ಆಡಿದ್ದಳು. ಎಲ್ಲ ಗುಲಾಮರನ್ನು ಮಾರಿ ಆ ಹಣವನ್ನು ಬಡ್ಡಿಗೆ ಬಿಟ್ಟರೆ, ಈಗ ಬರುವುದಕ್ಕಿಂತ ಜಾಸ್ತಿ ಆದಾಯ ಬಂದೀತು ಅಂತ ಅವಳೂ ಮೇಷ್ಟ್ರೂ ಒಪ್ಪಿಕೊಂಡಿದ್ದರು. ಗುಲಾಮರಿಲ್ಲದೆ ತೋಟದ ಬದುಕು ನಡೆಯುವುದೇ ಇಲ್ಲ ಅನ್ನುವ ವಾದ ಮನೆಯ ಒಳಗೇ ಅಷ್ಟು ಗಟ್ಟಿಯಾಗಿರಲಿಲ್ಲ ಅಂತ ಇದರಿಂದ ಗೊತ್ತಾಗುತ್ತದೆ. ಆದರೆ ಅವರಿಗೆ ಹೊಳೆದದ್ದು ಮಾರುವ ಯೋಚನೆ. ಬಿಡುಗಡೆಯದ್ದಲ್ಲ.

ಆಸ್ತಿ ಹತ್ತಾರು ತೋಟಗಳಲ್ಲಿ ಹರಡಿಕೊಂಡಿತ್ತು. ಅವುಗಳಲ್ಲಿ ಹಲವಕ್ಕೆ ಕಾರ್ಟರ್ ರಾಶಿಗಳ ಹೆಸರಿಟ್ಟಿದ್ದ. ಮೇಷ, ಕರ್ಕಾಟಕ, ಸಿಂಹ, ಕನ್ಯಾ, ತುಲಾ, ಹೀಗೆ. ಹೊಗೆಸೊಪ್ಪು ಮಣ್ಣಿನ ಸಾರವನ್ನೆಲ್ಲ ಹೀರಿಬಿಡುತ್ತದೆ ಅಂತ ಅವನು ಗೋಧಿ, ಜೋಳದ ಕಡೆ ತಿರುಗಿದ. ಹಿಟ್ಟಿನ ಗಿರಣಿ ನಡೆಸಿದ, ಬಟ್ಟೆ ನೇಯಿಸಿದ. ಕಮ್ಮಾರರು, ಬಡಗಿಗಳು, ನೇಕಾರರು, ದೋಣಿ ನಡೆಸುವವರು, ಎಲ್ಲ ಕಸುಬಿನವರೂ ಗುಲಾಮರಲ್ಲೇ ಇದ್ದರು.

ಇಂಥ ಮನುಷ್ಯ ಬದಲಾದದ್ದು ಹೇಗೆ?

ಒಂದೇ ಏಟಿಗೆ ಬದಲಾಗಲಿಲ್ಲ. 1775ರ ಕೊನೆಗೆ ಬ್ರಿಟಿಷ್ ಗವರ್ನರ್ ಡನ್‌ಮೋರ್ ಒಂದು ಘೋಷಣೆ ಹೊರಡಿಸಿದ. ಬ್ರಿಟಿಷ್ ಆಳ್ವಿಕೆಯ ವಿರುದ್ಧ ಎದ್ದಿದ್ದ ಬಂಡಾಯಗಾರರ ಗುಲಾಮರು ಬಂದು ಬ್ರಿಟಿಷ್ ಸೈನ್ಯ ಸೇರಿದರೆ ಅವರಿಗೆ ಸ್ವಾತಂತ್ರ್ಯ ಅಂತ. ಆಗ ಕಾರ್ಟರ್ ಮಾಡಿದ್ದೇನು? 1776ರ ಜುಲೈನಲ್ಲಿ, ಸ್ವಾತಂತ್ರ್ಯ ಘೋಷಣೆಯ ಶಾಯಿ ಇನ್ನೂ ಆರಿರದ ಹೊತ್ತಿನಲ್ಲಿ, ತನ್ನ ಗುಲಾಮರನ್ನು ಒಟ್ಟು ಸೇರಿಸಿ ಬ್ರಿಟಿಷರ ಕಡೆ ಹೋಗಬೇಡಿ ಅಂತ ಹೇಳಿದ. ಆಗಲೂ ಅವನು ಮಾಲೀಕನೇ.

ಮರುವರ್ಷ ಸಿಡುಬಿನ ಚುಚ್ಚುಮದ್ದು ಹಾಕಿಸಿಕೊಂಡು ಜ್ವರದಲ್ಲಿ ಮಲಗಿದ್ದಾಗ ಅವನಿಗೆ ಒಂದು ದೈವಿಕ ಅನುಭವವಾಯಿತು. ಅದನ್ನು ಅವನೇ ಬರೆದಿಟ್ಟಿದ್ದಾನೆ. ಅದಕ್ಕೆ ಮೊದಲು ಅವನಿಗೆ ಚರ್ಚಿನಲ್ಲಿ ಅಷ್ಟೇನೂ ಆಸಕ್ತಿ ಇರಲಿಲ್ಲ. 1778ರಲ್ಲಿ ಅವನು ಬ್ಯಾಪ್ಟಿಸ್ಟ್ ಪಂಥ ಸೇರಿದ. ಇದು ಎಷ್ಟು ದೊಡ್ಡ ಹೆಜ್ಜೆ ಅಂತ ಇವತ್ತು ನಮಗೆ ಸುಲಭವಾಗಿ ಅರ್ಥವಾಗುವುದಿಲ್ಲ. ಆಗ ವರ್ಜೀನಿಯಾದ ಶ್ರೀಮಂತರೆಲ್ಲ ಇಂಗ್ಲೆಂಡಿನ ಚರ್ಚಿಗೆ ಸೇರಿದವರು. ಬ್ಯಾಪ್ಟಿಸ್ಟರು ಅಂದರೆ ಬಡವರು, ಓದದವರು. ಅವರ ಉಪದೇಶಕರನ್ನು ಜೈಲಿಗೂ ಹಾಕಿದ್ದರು. ಅವರ ಸಭೆಯಲ್ಲಿ ಬಿಳಿಯರೂ ಗುಲಾಮರೂ ಒಟ್ಟಿಗೆ ಪ್ರಾರ್ಥನೆ ಮಾಡುತ್ತಿದ್ದರು, ಒಬ್ಬರನ್ನೊಬ್ಬರು ಅಣ್ಣ, ಅಕ್ಕ ಅನ್ನುತ್ತಿದ್ದರು. ಇಡೀ ವಸಾಹತಿನ ಹನ್ನೆರಡು ದೊಡ್ಡವರಲ್ಲಿ ಒಬ್ಬನಾಗಿದ್ದವನು ಹೋಗಿ ಅಲ್ಲಿ ಕೂತ. ಭಾನುವಾರ ಅಣ್ಣ ಅಂದವನನ್ನು ಸೋಮವಾರ ಆಸ್ತಿ ಅಂತ ಲೆಕ್ಕ ಬರೆಯುವುದು ಎಷ್ಟು ದಿನ ನಡೆದೀತು, ಅಲ್ವಾ? ಅವನನ್ನು ಬದಲಾಯಿಸಿದ್ದು ಪುಸ್ತಕಕ್ಕಿಂತ ಹೆಚ್ಚಾಗಿ ಆ ಬೆಂಚು ಅಂತ ನನ್ನ ನಂಬಿಕೆ.

ಕಾನೂನೂ ಬದಲಾಯಿತು. ನಿಮ್ಮ ಪ್ರಶ್ನೆಯ ಗಂಟು ಇರುವುದು ಇಲ್ಲೇ. 1723ರ ಕಾನೂನಿನ ಪ್ರಕಾರ, ಮಾಲೀಕ ತನ್ನಿಷ್ಟಕ್ಕೆ ಗುಲಾಮನನ್ನು ಬಿಡುಗಡೆ ಮಾಡುವ ಹಾಗಿರಲಿಲ್ಲ. ಆ ಗುಲಾಮ ಏನಾದರೂ ವಿಶೇಷ ಸೇವೆ ಮಾಡಿರಬೇಕು, ಗವರ್ನರ್ ಮತ್ತು ಕೌನ್ಸಿಲ್ ಒಪ್ಪಬೇಕು. ಹಾಗಾಗಿ ಅಲ್ಲಿಯವರೆಗೆ "ಆಗ್ತಿರಲಿಲ್ಲ" ಅನ್ನುವ ಮಾತಿನಲ್ಲಿ ಸ್ವಲ್ಪ ಹುರುಳಿದೆ. ಆದರೆ 1782ರಲ್ಲಿ ವರ್ಜೀನಿಯಾ ಈ ತಡೆಯನ್ನು ತೆಗೆದುಹಾಕಿತು. ಒಂದು ಪತ್ರ ಬರೆದು, ಸಾಕ್ಷಿ ಹಾಕಿಸಿ, ಕೋರ್ಟಿನಲ್ಲಿ ನೋಂದಾಯಿಸಿದರೆ ಮುಗಿಯಿತು. ಬಿಡುಗಡೆಯಾದವರು 45 ವರ್ಷ ದಾಟಿದವರಾಗಿದ್ದರೆ, ಅಥವಾ 21 ತುಂಬದ ಗಂಡುಮಕ್ಕಳು, 18 ತುಂಬದ ಹೆಣ್ಣುಮಕ್ಕಳಾಗಿದ್ದರೆ, ಅವರನ್ನು ಸಾಕುವ ಹೊಣೆ ಮಾಲೀಕನದ್ದು. ಷರತ್ತು ಇಷ್ಟೇ. 1782ರಿಂದ 1806ರವರೆಗೆ, ಇಪ್ಪತ್ತನಾಲ್ಕು ವರ್ಷ ಬಾಗಿಲು ತೆರೆದಿತ್ತು. ಆ ಬಾಗಿಲಿನಿಂದ ಕೆಲವು ಸಾಮಾನ್ಯ ರೈತರೂ ತಮ್ಮ ಗುಲಾಮರನ್ನು ಹೊರಗೆ ಕಳಿಸಿದರು. 1800ರ ಜನಗಣತಿಯ ಹೊತ್ತಿಗೆ ವರ್ಜೀನಿಯಾದಲ್ಲಿ ಸ್ವತಂತ್ರ ಕರಿಯರ ಸಂಖ್ಯೆ ಸುಮಾರು 20,000ಕ್ಕೆ ಏರಿತ್ತು. ಗುಲಾಮಗಿರಿಯಲ್ಲೇ ಉಳಿದವರು ಮೂರು ಲಕ್ಷಕ್ಕೂ ಜಾಸ್ತಿ.

ಕಾರ್ಟರ್ ಒಂಬತ್ತು ವರ್ಷ ತಡಮಾಡಿದ. ಆ ನಡುವೆ 1786ರಲ್ಲಿ ಚಿಕ್ಕ ಗಂಡುಮಕ್ಕಳಾದ ಜಾರ್ಜ್ ಮತ್ತು ಜಾನ್ ಟಾಸ್ಕರ್‌ನನ್ನು ದೂರದ ರೋಡ್ ಐಲೆಂಡಿನ ಬ್ಯಾಪ್ಟಿಸ್ಟ್ ಕಾಲೇಜಿಗೆ ಕಳಿಸಿದ. ಇಲ್ಲಿ ಬೆಳೆದರೆ ಗುಲಾಮಗಿರಿ ಅವರ ಕಣ್ಣಿಗೆ ಸಹಜವಾಗಿಬಿಡುತ್ತದೆ ಅನ್ನುವುದು ಅವನ ಭಯ. 1787ರಲ್ಲಿ ಫ್ರಾನ್ಸಿಸ್ ತೀರಿಕೊಂಡಳು. ಅವಳು 17 ಮಕ್ಕಳನ್ನು ಹೆತ್ತಿದ್ದಳು, ಹಲವರನ್ನು ಚಿಕ್ಕಂದಿನಲ್ಲೇ ಕಳೆದುಕೊಂಡಿದ್ದಳು. ಹಿರಿಯ ಮಗ ಬೆಂಜಮಿನ್, ಫಿಥಿಯನ್‌ನ ದಿನಚರಿಯ ಬೆನ್, ಬೆಳೆದ ಮೇಲೆ ಇಪ್ಪತ್ತರ ಹರೆಯದಲ್ಲೇ ಸತ್ತಿದ್ದ. ಎರಡನೆಯವನು, ಆ ತುಂಟ ಬಾಬ್, ಜೂಜು ಸಾಲಗಳಲ್ಲಿ ಮುಳುಗಿ ಕೊನೆಗೆ ಲಂಡನ್ನಿನಲ್ಲಿ ತೀರಿಕೊಂಡ.

1791ರ ಸೆಪ್ಟೆಂಬರ್ 5. ಕಾರ್ಟರ್ ನಾರ್ದಂಬರ್‌ಲ್ಯಾಂಡ್ ಕೋರ್ಟಿಗೆ ಒಂದು ಪತ್ರ ಸಲ್ಲಿಸಿದ. ಅದನ್ನು ಕರೆಯುವುದು ದಾನಪತ್ರ ಅಂತ. ಆ ಹೆಸರು ನನಗೆ ಹಿಡಿಸುವುದಿಲ್ಲ, ಅವರದ್ದನ್ನು ಅವರಿಗೆ ಕೊಡುವುದು ದಾನ ಹೇಗಾದೀತು? ಆದರೆ ಒಳಗಿನ ಮಾತು ಸ್ಪಷ್ಟವಾಗಿತ್ತು. ಇವರನ್ನು ಗುಲಾಮಗಿರಿಯಲ್ಲಿ ಇಟ್ಟುಕೊಳ್ಳುವುದು ಧರ್ಮಕ್ಕೂ ನ್ಯಾಯಕ್ಕೂ ವಿರುದ್ಧ ಅಂತ ತನಗೆ ಸ್ವಲ್ಪ ಕಾಲದಿಂದ ಮನವರಿಕೆಯಾಗಿದೆ, ಆದ್ದರಿಂದ ಬಿಡುಗಡೆ ಮಾಡುವುದು ತನ್ನ ಕರ್ತವ್ಯ ಅಂತ ಅವನು ಬರೆದಿದ್ದ. ಅದರ ಜೊತೆಗೇ ಪಟ್ಟಿ. ಯಾವ ತೋಟ, ಯಾವ ಹೆಸರು, ವಯಸ್ಸೆಷ್ಟು. 452 ಜನ.

ಎಲ್ಲರಿಗೂ ಒಂದೇ ದಿನ ಬಿಡುಗಡೆಯಲ್ಲ. 1792ರ ಜನವರಿ 2ರಿಂದ ಶುರುಮಾಡಿ ವರ್ಷಕ್ಕೆ 15 ಜನ. ಮಕ್ಕಳಿಗೆ ವಯಸ್ಸು ತುಂಬಿದಾಗ, ಹುಡುಗರಿಗೆ 21, ಹುಡುಗಿಯರಿಗೆ 18. ಹೀಗೆ ನಿಧಾನ ಮಾಡಿದ್ದು ನೆರೆಯವರ ಕೋಪ ತಣಿಸಲಿಕ್ಕೂ ಇರಬಹುದು, ಕಾನೂನಿನ ವಯಸ್ಸಿನ ಷರತ್ತಿಗೂ ಇರಬಹುದು. ಆದರೆ ಪಟ್ಟಿಯ ಕೊನೆಯಲ್ಲಿದ್ದವನ ಜಾಗದಲ್ಲಿ ನಿಂತು ನೋಡಿ. ಹೆಸರು ಬಂದಿದೆ, ಸರದಿ ಬಂದಿಲ್ಲ. ಮಾಲೀಕ ತಪ್ಪು ಅಂತ ಒಪ್ಪಿಕೊಂಡ ಮೇಲೂ ಇನ್ನಷ್ಟು ವರ್ಷ ಅದೇ ಹೊಲದಲ್ಲಿ ದುಡಿಯಬೇಕು. ಕಾರ್ಟರ್‌ನನ್ನು ಹೊಗಳುವವರು ಇದನ್ನು ಮರೆಯಬಾರದು. 1749ರಿಂದ 1791ರವರೆಗೆ ನಲವತ್ತೆರಡು ವರ್ಷ ಆ ಜನರ ದುಡಿಮೆಯನ್ನು ಅವನು ಉಂಡಿದ್ದ. ಅದರ ಕೂಲಿ ಅವರಿಗೆ ಯಾವತ್ತೂ ಸಿಗಲಿಲ್ಲ.

ಆದರೆ ಅವನು ಪತ್ರ ಬರೆದು ಕೈತೊಳೆದುಕೊಳ್ಳಲಿಲ್ಲ. ಬಿಡುಗಡೆಯಾದ ಕೆಲವರಿಗೆ ತನ್ನದೇ ಜಮೀನನ್ನು ಗೇಣಿಗೆ ಕೊಟ್ಟ. ಅವರು ತಮಗೆ ಬೇಕಾದ ಮನೆತನದ ಹೆಸರನ್ನು ತಾವೇ ಆರಿಸಿಕೊಂಡು ಬರೆಸಿದರು. ನೆರೆಯ ಮಾಲೀಕರಿಗೆ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ತಮ್ಮ ಗುಲಾಮರು ಇದನ್ನು ಕಂಡು ಏನು ಕೇಳಿಯಾರೋ ಅನ್ನುವ ಹೆದರಿಕೆ. ಒಬ್ಬ ಹೆಸರು ಹಾಕದೆ ಕಾಗದ ಬರೆದ. ಪಕ್ಕದವನ ಮನೆ ಸುಟ್ಟುಹೋಗುತ್ತದೆ ಅಂತ ಗೊತ್ತಿದ್ದೂ ತನ್ನ ಮನೆಗೆ ಬೆಂಕಿ ಹಚ್ಚಿಕೊಳ್ಳುವ ಹಕ್ಕು ಎಷ್ಟಿದೆಯೋ, ಗುಲಾಮರನ್ನು ಬಿಡುವ ಹಕ್ಕೂ ಅಷ್ಟೇ ಅನ್ನುವುದು ಅದರ ಸಾರ.

ಮನೆಯೊಳಗೂ ಅಸಮಾಧಾನ. ಮಕ್ಕಳಿಗೆ, ಅಳಿಯಂದಿರಿಗೆ ಇದು ತಮ್ಮ ಪಾಲಿಗೆ ಬರಬೇಕಾದ ಆಸ್ತಿ ಕೈತಪ್ಪುವ ವಿಷಯ. ಗುಲಾಮಗಿರಿಯ ಗಾಳಿ ಸೋಕಬಾರದು ಅಂತ ದೂರ ಕಳಿಸಿದ್ದ ಜಾರ್ಜ್‌ನೇ ಮುಂದೆ ಈ ಬಿಡುಗಡೆಯನ್ನು ವಿರೋಧಿಸಿದ. ಇಡೀ ಕತೆಯಲ್ಲಿ ನನಗೆ ತುಂಬ ನೋವು ಕೊಡುವ ಸಂಗತಿ ಇದು. 1793ರಲ್ಲಿ ಕಾರ್ಟರ್ ನೊಮಿನಿ ಹಾಲ್ ಬಿಟ್ಟು ಬಾಲ್ಟಿಮೋರಿಗೆ ಹೋದ. ಮತ್ತೆ ಅಲ್ಲಿ ವಾಸಕ್ಕೆ ಬರಲಿಲ್ಲ. ಬ್ಯಾಪ್ಟಿಸ್ಟರೂ ಗುಲಾಮಗಿರಿಯ ವಿಷಯದಲ್ಲಿ ಮೆತ್ತಗಾಗುತ್ತಿದ್ದರು, ಅವರನ್ನೂ ಬಿಟ್ಟು ಸ್ವೀಡನ್ನಿನ ಧಾರ್ಮಿಕ ಚಿಂತಕ ಸ್ವೀಡನ್‌ಬೋರ್ಗ್‌ನ ಅನುಯಾಯಿಗಳ ಜೊತೆ ಸೇರಿದ. ಮಕ್ಕಳಿಗೆ ಆಸ್ತಿ ಹಂಚಿದ. ಆದರೆ ಬಿಡುಗಡೆಯ ಕೆಲಸವನ್ನು ಮಕ್ಕಳ ಕೈಗೆ ಕೊಡಲಿಲ್ಲ. ಬೆಂಜಮಿನ್ ಡಾಸನ್ ಅನ್ನುವ ಬ್ಯಾಪ್ಟಿಸ್ಟ್ ಉಪದೇಶಕನಿಗೆ ಮುಖ್ತ್ಯಾರ್ ಪತ್ರ ಬರೆದುಕೊಟ್ಟ. ಮುಂದೆ ಉಳಿದ ಗುಲಾಮರನ್ನು ಒಂದು ಡಾಲರಿಗೆ ಡಾಸನ್ ಹೆಸರಿಗೆ ಮಾಡಿಟ್ಟ, ತಾನು ಸತ್ತ ಮೇಲೆ ಮಕ್ಕಳು ತಡೆಯದಿರಲಿ ಅಂತ. 1803ರಲ್ಲಿ ಮಗಳು ಹ್ಯಾರಿಯಟ್‌ಗೆ ಬರೆದ ಕಾಗದದಲ್ಲಿ ಒಂದು ಸಾಲಿದೆ: ನನ್ನ ಯೋಜನೆಗಳು, ಸಲಹೆಗಳು ಲೋಕಕ್ಕೆ ಯಾವತ್ತೂ ಹಿಡಿಸಿಲ್ಲ. 1804ರ ಮಾರ್ಚ್ 10ರಂದು ಅವನು ತೀರಿಕೊಂಡ. ಜಾರ್ಜ್ ದೇಹವನ್ನು ನೊಮಿನಿ ಹಾಲ್‌ಗೆ ತಂದು ತೋಟದಲ್ಲಿ ಹೂಳಿಸಿದ. ಸಮಾಧಿಗೆ ಒಂದು ಕಲ್ಲೂ ಇಡಲಿಲ್ಲ. ಆ ಮನೆಯೂ 1850ರಲ್ಲಿ ಸುಟ್ಟುಹೋಯಿತು.

ಈಗ ನೀವು ಕೇಳಿದ ಇಬ್ಬರನ್ನು ಪಕ್ಕದಲ್ಲಿಟ್ಟು ನೋಡಿ. ವಾಷಿಂಗ್ಟನ್ 1799ರ ಉಯಿಲಿನಲ್ಲಿ ತನ್ನ ಹೆಸರಿನಲ್ಲಿದ್ದ 123 ಜನರನ್ನು ಬಿಡುಗಡೆ ಮಾಡಿದ, ಅದೂ ಹೆಂಡತಿ ಸತ್ತ ಮೇಲೆ ಅಂತ ಬರೆದು. ಮಾರ್ಥಾ ಅಷ್ಟು ಕಾಯದೆ 1801ರ ಜನವರಿ 1ಕ್ಕೆ ಅವರನ್ನು ಬಿಟ್ಟಳು. ಅವಳ ಮೊದಲ ಗಂಡನ ಆಸ್ತಿಗೆ ಸೇರಿದ ನೂರೈವತ್ತಕ್ಕೂ ಹೆಚ್ಚು ಜನರಿಗೆ ಬಿಡುಗಡೆ ಸಿಗಲಿಲ್ಲ. ಅಲ್ಲಿ ಕಾನೂನಿನ ತೊಡಕು ನಿಜವಾಗಿಯೂ ಇತ್ತು. ಎಲ್ಲ ಮನುಷ್ಯರೂ ಸಮಾನರು ಅಂತ ಬರೆದ ಜೆಫರ್ಸನ್‌ನ ಕೈಕೆಳಗೆ ಜೀವಮಾನದಲ್ಲಿ 600ಕ್ಕೂ ಹೆಚ್ಚು ಗುಲಾಮರಿದ್ದರು. ಬದುಕಿದ್ದಾಗ ಇಬ್ಬರನ್ನು, ಉಯಿಲಿನಲ್ಲಿ ಐವರನ್ನು ಬಿಡುಗಡೆ ಮಾಡಿದ. ಸಾಲ ತೀರಿಸಲು 1827ರ ಜನವರಿಯಲ್ಲಿ ಅವನ ಮನೆಯಂಗಳದಲ್ಲೇ ಸುಮಾರು 130 ಜನರನ್ನು ಹರಾಜಿಗೆ ಇಟ್ಟರು. ಸಾಲ ಕಾರ್ಟರ್‌ಗೆ ಅಷ್ಟಿರಲಿಲ್ಲ, ಆಸ್ತಿ ಜಾಸ್ತಿ ಇತ್ತು, ಇದೂ ಸತ್ಯ. ಆದರೆ 1782ರಿಂದ 1806ರವರೆಗಿನ ಕಾನೂನು ಮೂವರಿಗೂ ಒಂದೇ ಆಗಿತ್ತು.

ಇಂಥವನ ಹೆಸರು ನಮಗೇಕೆ ಗೊತ್ತಿಲ್ಲ? ಅವನು ಸೇನಾಪತಿಯಲ್ಲ, ಅಧ್ಯಕ್ಷನಲ್ಲ, ಒಳ್ಳೆಯ ಬರಹಗಾರನೂ ಅಲ್ಲ. ಜೊತೆಗೆ ಅವನನ್ನು ನೆನೆದರೆ ಮಿಕ್ಕವರಿಗೆ ಉತ್ತರ ಹೇಳುವುದು ಕಷ್ಟವಾಗುತ್ತದೆ. ಅದೇ ಕಿಂಗ್ ಕಾರ್ಟರ್ ವಂಶದ ಒಬ್ಬ ಮಗಳ ಹೊಟ್ಟೆಯಲ್ಲಿ, 1807ರಲ್ಲಿ, ಅದೇ ಕೌಂಟಿಯಲ್ಲಿ ಹುಟ್ಟಿದವನು ರಾಬರ್ಟ್ ಇ. ಲೀ. ಗುಲಾಮಗಿರಿಯನ್ನು ಉಳಿಸಲು ಹೊರಟ ದಕ್ಷಿಣದ ರಾಜ್ಯಗಳ ಸೈನ್ಯ ನಡೆಸಿದ ಅವನಿಗೆ ಊರೂರಲ್ಲಿ ಪ್ರತಿಮೆಗಳೆದ್ದವು.

1806ರಲ್ಲಿ ಬಾಗಿಲು ಅರ್ಧ ಮುಚ್ಚಿತು. ಆಮೇಲೆ ಬಿಡುಗಡೆಯಾದವರು ಒಂದು ವರ್ಷದೊಳಗೆ ವರ್ಜೀನಿಯಾ ಬಿಟ್ಟು ಹೋಗಬೇಕು ಅಂತ ಹೊಸ ಕಾನೂನು ಬಂತು. ಮೊದಲೇ ಸ್ವತಂತ್ರರಾದವರೂ ತಮ್ಮ ಬಿಡುಗಡೆಯ ಕಾಗದವನ್ನು ಜೊತೆಯಲ್ಲೇ ಇಟ್ಟುಕೊಂಡು ಓಡಾಡಬೇಕಿತ್ತು. ಅದಿಲ್ಲದೆ ಸಿಕ್ಕಿಬಿದ್ದರೆ ಜೈಲು. ಕಾರ್ಟರ್‌ನ ಪಟ್ಟಿಯ ಕೆಲಸ ಅಷ್ಟರಲ್ಲೂ ಮುಗಿದಿರಲಿಲ್ಲ. ಅವನು ಸತ್ತ ಮೇಲೂ ಡಾಸನ್ ಅದನ್ನು ಬಿಡಲಿಲ್ಲ, ಕುಟುಂಬದವರ ಎದುರು ಕೋರ್ಟಿಗೂ ಹೋದ. 1791ರಲ್ಲಿ ತೊಟ್ಟಿಲಲ್ಲಿದ್ದ ಹೆಣ್ಣುಮಗುವಿಗೆ 18 ತುಂಬಿದ್ದು 1809ರಲ್ಲಿ. ಪಕ್ಕದ ತೊಟ್ಟಿಲಿನ ಗಂಡುಮಗುವಿನ ಸರದಿ ಬರಲು 1812 ಆಗಬೇಕಿತ್ತು.